ನೀಲಿ ಪೆನ್ಸಿಲಿನಡಿಯ ನಾಲ್ಕು ಸಾಲು

೯ ಏಪ್ರಿಲ್ ೧೯೧೬, ಭಾನುವಾರ

ಇಂದು ನಲವತ್ತೊಂದು ಕಾಗದ ಓದಿದೆ. ಒಂದೂ ನನ್ನದಲ್ಲ. ಫ್ರಾನ್ಸಿನ ಈ ಕೆಸರಿಗೆ ಬಂದು ಏಳು ತಿಂಗಳಾಯಿತು. ನಾನು ಕೊಂದ ಜರ್ಮನರಿಗಿಂತ ನನ್ನ ಸಿಪಾಯಿಗಳ ಕಾಗದಗಳಲ್ಲಿ ಹೊಡೆದುಹಾಕಿದ ಸಾಲುಗಳೇ ಹೆಚ್ಚು. ನಿಯಮ ಸರಳವಾಗಿದೆ. ಎಲ್ಲಿದ್ದೇವೆ ಎಂದು ಬರೆಯಕೂಡದು, ಎಷ್ಟು ಜನ ಇದ್ದೇವೆ ಎಂದು ಬರೆಯಕೂಡದು, ಸೈನಿಕರ ದೇಹಸ್ಥಿತಿ ಮನಸ್ಥಿತಿ ಹೇಗಿದೆ ಎಂದೂ ಬರೆಯಕೂಡದು. ಬರೆದಿದ್ದರೆ ನಾನು ನೀಲಿ ಪೆನ್ಸಿಲಿನಿಂದ ಹೊಡೆದು, ಲಕೋಟೆಯ ಮೂಲೆಗೆ ರುಜು ಹಾಕಿ ಕಳಿಸಬೇಕು.

ಇನ್ನೊಂದು ನಿಯಮ ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ನನ್ನ ಮೇಲಧಿಕಾರಿ ಕ್ಯಾಪ್ಟನ್ ಡೆವನಿಶ್ ಮೊದಲ ವಾರವೇ ಹೇಳಿಕೊಟ್ಟರು. "ನೋಡಪ್ಪಾ ಲೊಮ್ಯಾಕ್ಸ್, ಕಾಗದದಲ್ಲಿ ಓದಿದ್ದನ್ನ ಅಲ್ಲೇ ಬಿಟ್ಟು ಏಳಬೇಕು. ಒಬ್ಬ ನಿನ್ನನ್ನ ಕತ್ತೆ ಅಂತ ಬರೆದಿರ್ತಾನೆ, ಇನ್ನೊಬ್ಬ ಇಬ್ಬರು ಹುಡುಗೀರಿಗೂ ಅದೇ ಮುತ್ತು ಕಳಿಸಿರ್ತಾನೆ. ನೀನು ನೋಡೇ ಇಲ್ಲ. ಮರ್ಯಾದಸ್ಥರು ಬೇರೆಯವರ ಕಾಗದ ಓದಲ್ಲ. ಓದಲೇಬೇಕಾಗಿ ಬಂದ್ರೆ, ಓದಿದ್ದು ಗೊತ್ತಿರಲ್ಲ, ಅಷ್ಟೇ." ಇದನ್ನು ನಾನು ಚಾಚೂ ತಪ್ಪದೆ ನಡೆಸಿಕೊಂಡು ಬಂದಿದ್ದೇನೆ.

ಇಂದು ಹೊಡೆದದ್ದರಲ್ಲಿ ನಂಬರ್ ೨೭೧೪, ಸಿಪಾಯಿ ಹಾವರ್ತ್, ತನ್ನ ತಾಯಿಗೆ ಬರೆದ ನಾಲ್ಕು ಸಾಲು ಸೇರಿವೆ. ಮಾರ್ಚಿನಲ್ಲಿ ಜರ್ಮನರು ನಮ್ಮ ಕಂದಕದಡಿ ಸುರಂಗ ಸಿಡಿಸಿದಾಗ ಅರ್ಧ ದಿನ ಮಣ್ಣಿನೊಳಗಿದ್ದು ಬದುಕಿದವ ಈ ಹಾವರ್ತ್. 'ಅಂದಿನಿಂದ ಎಡಗಿವಿ ಪೂರಾ ಹೋಗಿದೆ, ಬಲಗಿವಿಯಲ್ಲಿ ಮಗ್ಗಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಎದುರಿಗೆ ಇದ್ದವರ ಮಾತು ಬಾಯಿ ನೋಡಿ ತಿಳಿಯುತ್ತೇನೆ, ಬೆನ್ನ ಹಿಂದಿನದು ತಿಳಿಯುವುದಿಲ್ಲ. ಕಾವಲಿಗೆ ನಿಂತಾಗ ನನ್ನಿಂದ ಜೊತೆಯವರಿಗೆ ಏನಾದರೂ ಆದೀತೆಂದು ಹೆದರಿಕೆ.' ಹೀಗೆ. ಇದು ಸೈನಿಕನ ದೇಹಸ್ಥಿತಿಯಲ್ಲದೆ ಇನ್ನೇನು? ತಾಯಿಗೂ ಸುಮ್ಮನೆ ಗಾಬರಿ. ಹೊಡೆದೆ.

ಬಾಯಿ ನೋಡಿ ತಿಳಿಯುವುದು ನಮ್ಮ ಜನಕ್ಕೆ ಹೊಸದಲ್ಲ. ಇಡೀ ತುಕಡಿಯೇ ಇಂಗ್ಲೆಂಡಿನ ಲ್ಯಾಂಕಾಶೈರ್ ಸೀಮೆಯ ಒಂದು ಊರಿನ ಹತ್ತಿ ಗಿರಣಿಗಳಿಂದ ಬಂದದ್ದು. ಮುನ್ನೂರು ಮಗ್ಗ ಬಡಿಯುವಲ್ಲಿ ಯಾರ ದನಿ ಯಾರಿಗೆ ಕೇಳುತ್ತದೆ? ಅದಕ್ಕೆ ನೇಯುವವರು ದನಿಯೇ ಇಲ್ಲದೆ, ಬಾಯಿ ಅಗಲಿಸಿ ಮಾತಾಡುತ್ತಾರೆ. ನಾನು ಗಿರಣಿ ಮ್ಯಾನೇಜರನ ಮಗ. ಚಿಕ್ಕಂದಿನಲ್ಲಿ ನನ್ನ ಎದುರಿಗೇ ಹೆಂಗಸರು ನಮ್ಮಪ್ಪನನ್ನು ಹಾಗೆ ಬೈದುಕೊಂಡು ನಗುತ್ತಿದ್ದರು. ನನಗೂ ಅರ್ಧಂಬರ್ಧ ಬರುತ್ತದೆ. ಬರುತ್ತದೆಂದು ಯಾರಿಗೂ ಹೇಳಿಲ್ಲ.

೧೨ ಏಪ್ರಿಲ್

ಕಾವಲು ಪಟ್ಟಿ ಬರೆಯಲು ಕೂತೆ. ಆರು ಜನ ಜ್ವರದಿಂದ ಆಸ್ಪತ್ರೆಯಲ್ಲಿದ್ದಾರೆ. ಇರುವವರನ್ನೇ ಎಳೆದಾಡಬೇಕು. ಸಾರ್ಜೆಂಟ್ ರಿಗ್ಬಿ ಪಕ್ಕದಲ್ಲಿ ನಿಂತು ಗಂಟಲು ಸರಿಮಾಡಿಕೊಂಡ. ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದವ, ಹೇಳುವುದನ್ನು ಸುತ್ತಿ ಬಳಸಿ ಹೇಳುತ್ತಾನೆ.

"ಸಾರ್, ಹಾವರ್ತ್‌ನನ್ನ ಊಟ ಹೊರೋರ ಗುಂಪಿಗೆ ಹಾಕಿದ್ರೆ ಹೆಂಗೆ?"

"ಯಾಕೆ?"

"ಸುಮ್ನೆ ಸಾರ್. ಭುಜ ಗಟ್ಟಿ ಇದೆ."

"ಬೇರೆ ಕಾರಣ ಏನಾದ್ರೂ ಇದ್ರೆ ಹೇಳು."

ರಿಗ್ಬಿ ನನ್ನ ಮುಖ ನೋಡಿದ. "ಅದು ನೀವೇ ಹೇಳ್ಬೇಕು ಸಾರ್," ಎಂದ.

ನಾನೇನು ಹೇಳಲಿ? ಈಗ ಹಾವರ್ತ್‌ನನ್ನು ಕಾವಲಿನಿಂದ ತೆಗೆದರೆ ಅವನ ಕಾಗದ ಓದಿ ತೆಗೆದಂತೆ. ನಾಳೆಯಿಂದ ಇವರು ಮನೆಗೆ ನಿಜವಾದ ಒಂದು ಮಾತು ಬರೆಯುವುದಿಲ್ಲ. ಕಿವಿ ಕೇಳದಿದ್ದರೆ ಡಾಕ್ಟರ ಬಳಿ ಹೋಗಲಿ, ದಾರಿ ಇದೆಯಲ್ಲ. ಪಟ್ಟಿಯಲ್ಲಿ ಅವನ ಹೆಸರು ಬರೆದೆ. ಹಗಲು ಹನ್ನೊಂದರಿಂದ ಒಂದು, ಎಲ್ಲಕ್ಕಿಂತ ಹಗುರವಾದ ಪಾಳಿ. ಅಷ್ಟು ಮಾಡಿದ್ದೇನೆ.

೧೬ ಏಪ್ರಿಲ್

ಮಳೆ. ಮೊಣಕಾಲುವರೆಗೆ ನೀರು. ಜಾಮ್ ಹುಳಿ ಬಂದಿದೆ ಎಂದು ಹನ್ನೆರಡು ಕಾಗದಗಳಲ್ಲಿ ದೂರು. ಗೋದಾಮಿನವನಿಗೆ ಚೆನ್ನಾಗಿ ಬೈದು ಬೇರೆ ಡಬ್ಬಿಗಳನ್ನು ತರಿಸಿದೆ. ತುಕಡಿ ಖುಷಿಯಾಗಿದೆ.

೨೦ ಏಪ್ರಿಲ್, ಗುರುವಾರ

ಬರೆಯುವ ಮನಸ್ಸಿಲ್ಲ, ಆದರೂ ಕ್ರಮವಾಗಿ ಬರೆದಿಡುತ್ತೇನೆ.

ಹನ್ನೆರಡು ಗಂಟೆಗೆ ಬ್ರಿಗೇಡಿನ ಕರ್ನಲ್ ತಪಾಸಣೆಗೆ ಬಂದರು. ಮುಂದೆ ಅವರು, ಹಿಂದೆ ನಾನು. ತಿರುವಿನಲ್ಲಿ ಹಾವರ್ತ್ ಕಾವಲಿಗಿದ್ದ. ಕಂದಕದ ಅಂಚಿನಾಚೆ ನೋಡಲು ಇಟ್ಟಿರುವ ಕನ್ನಡಿ ಪೆಟ್ಟಿಗೆಗೆ ಹಣೆ ಒತ್ತಿ, ಬೆನ್ನು ನಮ್ಮ ಕಡೆಗೆ ಹಾಕಿ ನಿಂತಿದ್ದ. ಬಂದೂಕು ಮರಳು ಚೀಲಕ್ಕೆ ಒರಗಿತ್ತು.

"ಕಾವಲು," ಎಂದರು ಕರ್ನಲ್. ಅವನು ಅಲುಗಲಿಲ್ಲ. ಇನ್ನೆರಡು ಸಲ ಕರೆದರು. ಆಮೇಲೆ ತಪಾಸಣೆಗೆ ಬರುವ ದೊಡ್ಡವರೆಲ್ಲ ಆಡುವ ಹಳೆಯ ಆಟ ಆಡಿದರು. ಮೆಲ್ಲಗೆ ಅವನ ಬಂದೂಕನ್ನೇ ಎತ್ತಿಕೊಂಡರು. ಅದಕ್ಕೂ ತಿರುಗಲಿಲ್ಲ. ಭುಜಕ್ಕೆ ಬಂದೂಕಿನ ಹಿಡಿಯಿಂದ ತಿವಿದ ಮೇಲೆ ತಿರುಗಿದ.

"ನಿದ್ದೆ ಹೊಡೀತಿದ್ದೆ."

"ಇಲ್ಲ ಸಾರ್, ನೋಡ್ತಿದ್ದೆ. ಜರ್ಮನರ ಮುಳ್ಳುತಂತಿ ಹತ್ರ ಇಬ್ಬರು ಮಣ್ಣು ಎತ್ತಿ ಹಾಕ್ತಿದಾರೆ."

"ಮೂರು ಸಲ ಕರೆದೆ."

"ಕೇಳಿಸ್ಲಿಲ್ಲ ಸಾರ್."

"ಈಗ ಚೆನ್ನಾಗಿ ಕೇಳಿಸ್ತಿದೆಯಲ್ಲ."

ಹಾವರ್ತ್ ಅವರ ಹೆಗಲ ಮೇಲಿಂದ ನನ್ನನ್ನು ನೋಡಿದ. ನಾನು ಬಾಯಿ ಬಿಡಲಿಲ್ಲ. ಒಂದು ವಾಕ್ಯ ಸಾಕಿತ್ತು. ಆದರೆ 'ಇವನಿಗೆ ಕಿವಿ ಕೇಳದು' ಎಂದರೆ, 'ಗೊತ್ತಿದ್ದೂ ಕಾವಲಿಗೆ ಹಾಕಿದೆಯಾ' ಎಂಬುದು ಮರುಕ್ಷಣದ ಪ್ರಶ್ನೆ. ಅವನನ್ನು ಕರೆದೊಯ್ದ ಮೇಲೆ ನಾನು ಆ ಪೆಟ್ಟಿಗೆಯಲ್ಲಿ ನೋಡಿದೆ. ತಂತಿಯ ಬಳಿ ಇಬ್ಬರು ಮಣ್ಣು ಎತ್ತಿ ಹಾಕುತ್ತಿದ್ದರು.

ಕಾವಲಿನಲ್ಲಿ ನಿದ್ದೆ ಮಾಡಿದವನಿಗೆ ಮರಣದಂಡನೆ ಎಂದು ಸೈನ್ಯದ ಕಾನೂನು. ಸಾಮಾನ್ಯವಾಗಿ ಕಡಿಮೆ ಮಾಡುತ್ತಾರಂತೆ. ಸಾಮಾನ್ಯವಾಗಿ.

೨೧ ಏಪ್ರಿಲ್, ಶುಭ ಶುಕ್ರವಾರ

ಡಾಕ್ಟರು ಹಾವರ್ತ್‌ನನ್ನು ಪರೀಕ್ಷಿಸಿ ಬಂದು ಕಂದಕದ ಗೋಡೆಯಲ್ಲಿ ಕೊರೆದ ನಮ್ಮ ಬಿಲದಲ್ಲಿ ಚಹಾ ಕುಡಿಯುತ್ತ ನಕ್ಕರು. ಲಂಡನ್ನಿನವರು, ಗಿರಣಿ ಕಂಡವರಲ್ಲ. "ಕಿವುಡನಂತೆ. ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಡ್ತಾನೆ. ಹೆಂಗಯ್ಯಾ ಅಂದ್ರೆ, ನಿಮ್ಮ ಬಾಯಿ ನೋಡಿ ತಿಳ್ಕೊಂಡೆ ಅಂತಾನೆ. ಗಡಿಯಾರ ಕಿವಿ ಹತ್ರ ಹಿಡಿದೆ, ಕೇಳಿಸಲ್ಲ ಅಂದ. ಹಂಗೆ ಯಾರು ಬೇಕಾದ್ರೂ ಅಂತಾರೆ."

"ನಮ್ಮ ಕಡೆ ನೇಯುವವರಿಗೆ ಅದು ಬರುತ್ತೆ ಡಾಕ್ಟ್ರೇ," ಎಂದೆ.

"ನೀನು ಒಳ್ಳೆಯವನು ಲೊಮ್ಯಾಕ್ಸ್, ನಿನ್ನ ಜನರನ್ನ ಬಿಟ್ಟುಕೊಡಲ್ಲ," ಎಂದು ಬೆನ್ನು ತಟ್ಟಿದರು. ಚಹಾ ಬಿಟ್ಟು ಎದ್ದೆ.

೨೪ ಏಪ್ರಿಲ್

ಕೋರ್ಟ್ ಮಾರ್ಷಲ್ ಗುರುವಾರ. ಆರೋಪಿ ತನ್ನ ಪರ ಮಾತಾಡಲು ಒಬ್ಬ ಅಧಿಕಾರಿಯನ್ನು ಕೇಳಿಕೊಳ್ಳಬಹುದು. ಹಾವರ್ತ್ ನನ್ನನ್ನು ಕೇಳಿಕೊಂಡಿದ್ದಾನೆ. ಬೇರೆ ಯಾರನ್ನಾದರೂ ಕೇಳಬಹುದಿತ್ತು.

ಅವನನ್ನು ಕಂದಕಗಳ ಹಿಂದಿರುವ ಹಳ್ಳಿಯ ಕೊಟ್ಟಿಗೆಯಲ್ಲಿ ಇಟ್ಟಿದ್ದಾರೆ. ಹೋದಾಗ ತನ್ನ ಕಾವಲಿನವನ ಹರಿದ ಕಾಲುಚೀಲ ಹೊಲಿದುಕೊಡುತ್ತಿದ್ದ. ಆರು ಮಗ್ಗ ನೋಡಿಕೊಳ್ಳುತ್ತಿದ್ದ ಕೈ, ಒಂದೇ ಕೈಯಲ್ಲಿ ಗಂಟು ಹಾಕುತ್ತದೆ. ನಾನು ಒಂದು ಉಪಾಯ ಹೇಳಿದೆ. ನ್ಯಾಯಾಲಯದಲ್ಲಿ ಬೆನ್ನ ಹಿಂದಿನಿಂದ ಮಾತಾಡಿಸಿ ಪರೀಕ್ಷಿಸಲು ಕೇಳುತ್ತೇನೆ. ಆಗ ಎಲ್ಲರಿಗೂ ಗೊತ್ತಾಗುತ್ತದೆ.

"ಆಯ್ತು ಸಾರ್," ಎಂದ. ಸ್ವಲ್ಪ ತಡೆದು, "ಬೇರೆ ಏನಾದ್ರೂ ಹೇಳೋದಿದೆಯಾ ಸಾರ್?" ಎಂದು ಕೇಳಿದ.

"ಏನಿರುತ್ತೆ?"

ಅವನು ನನ್ನ ಬಾಯನ್ನೇ ನೋಡುತ್ತಿದ್ದ. ಕಿವುಡನಾದವನು ಬಾಯಿ ನೋಡದೆ ಇನ್ನೇನು ನೋಡಬೇಕು? ಆದರೂ ಸಿಟ್ಟು ಬಂತು. ದಾರಿಯುದ್ದಕ್ಕೂ ನನ್ನ ಉಪಾಯ ಎಷ್ಟು ಒಳ್ಳೆಯದು ಎಂದುಕೊಳ್ಳುತ್ತ ಬಂದೆ. ಕಾಗದದ ಮಾತು ಎತ್ತದೆಯೇ ಅವನು ಉಳಿಯುತ್ತಾನೆ.

೨೭ ಏಪ್ರಿಲ್, ಗುರುವಾರ

ಹಳ್ಳಿಯ ಶಾಲೆಯ ಕೋಣೆ. ಮೂವರು ಅಧಿಕಾರಿಗಳು, ನಡುವೆ ಅಧ್ಯಕ್ಷ ಮೇಜರ್. ಸೆತ್ ಹಾವರ್ತ್ ಟೋಪಿಯಿಲ್ಲದೆ ನಿಂತಿದ್ದ. ಕರ್ನಲ್ ಹೇಳಿದರು, ಡಾಕ್ಟರು ಹೇಳಿದರು. ತಂತಿಯ ಬಳಿ ಇಬ್ಬರನ್ನು ನಾನೂ ಕಂಡೆ ಎಂದು ನಾನು ಹೇಳಿದೆ. "ಅಲ್ಲಿ ಯಾವಾಗಲೂ ಯಾರಾದರೂ ಅಗೀತಾನೇ ಇರ್ತಾರೆ," ಎಂದರು ಮೇಜರ್.

ಪರೀಕ್ಷೆಗೆ ಒಪ್ಪಿದರು. ಒಬ್ಬ ಅಧಿಕಾರಿ ಹಿಂದೆ ಹೋಗಿ ಹೆಸರು ಕರೆದ. ಸೆತ್ ತಿರುಗಲಿಲ್ಲ. ಇನ್ನೂ ಗಟ್ಟಿಯಾಗಿ ಕರೆದ. ತಿರುಗಲಿಲ್ಲ. ನನ್ನ ಎದೆ ಹಗುರಾಯಿತು. ಆಗ ಆ ಅಧಿಕಾರಿಗೇನು ಹೊಳೆಯಿತೋ, ಕಿಟಕಿಯ ಮೇಲಿದ್ದ ಮಕ್ಕಳ ದಪ್ಪ ಹಾಜರಿ ಪುಸ್ತಕಗಳ ಕಟ್ಟನ್ನು ಧೊಪ್ಪೆಂದು ನೆಲಕ್ಕೆ ಹಾಕಿದ. ಸೆತ್ ತಿರುಗಿ ನೋಡಿದ.

"ಕೇಳಿಸ್ತಲ್ಲ," ಎಂದರು ಮೇಜರ್.

"ಕೇಳಿಸ್ಲಿಲ್ಲ ಸಾರ್. ಕಾಲಿಗೆ ತಿಳೀತು."

ಮೂವರೂ ನಕ್ಕರು. ಹಲಗೆಯ ನೆಲ. ನೇಯುವವರು ಯಾವ ಮಗ್ಗ ನಿಂತಿತು ಎಂಬುದನ್ನು ಅಂಗಾಲಿನಲ್ಲೇ ತಿಳಿಯುತ್ತಾರೆ, ಅದು ನಮ್ಮೂರಿನ ಮಗುವಿಗೂ ಗೊತ್ತು. ನಾನು ಎದ್ದು ಹೇಳಿದೆ. ನನಗೇ ಅದು ಕಟ್ಟುಕಥೆಯಂತೆ ಕೇಳಿಸಿತು.

ಮೇಜರ್ ಕೆಟ್ಟವರಲ್ಲ. ಲೇಖನಿ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಲೆಫ್ಟಿನೆಂಟ್ ಲೊಮ್ಯಾಕ್ಸ್, ಒಂದೇ ಮಾತು. ಇಪ್ಪತ್ತನೇ ತಾರೀಕಿಗೆ ಮುಂಚೆ ಇವನು ತನ್ನ ಕಿವಿ ವಿಷಯ ಯಾರಿಗಾದ್ರೂ ತಿಳಿಸಿದ್ದನೇ? ಒಬ್ಬರಿಗೆ ತಿಳಿಸಿದ್ರೂ ಸಾಕು, ನಾವು ಬೇರೆ ಥರ ನೋಡ್ತೀವಿ."

"ನನಗೆ ತಿಳಿದಂತೆ ಯಾರಿಗೂ ಇಲ್ಲ," ಎಂದೆ.

ಎದುರಿಗೇ ಇದ್ದ ಸೆತ್ ಅದನ್ನು ಓದಿಕೊಂಡ. ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದ.

ಮರಣದಂಡನೆ. ದಯೆ ತೋರಬೇಕೆಂಬ ಶಿಫಾರಸು ಇದೆ. ಕಾಗದಪತ್ರ ಜನರಲ್ ಸಾಹೇಬರ ಕಡೆ ಹೋಗಿದೆ.

೨೮ ಏಪ್ರಿಲ್

ತುಕಡಿಯ ಹುಡುಗರು ನನ್ನ ಎದುರಿಗೇ ದನಿಯಿಲ್ಲದೆ ಮಾತಾಡಿಕೊಂಡರು. 'ಕಾಗದ' ಎಂಬ ಒಂದು ಶಬ್ದ ತಿಳಿಯಿತು. ಸಾಕಾಯಿತು.

೨ ಮೇ

ಸೆತ್‌ನನ್ನು ನೋಡಲು ಹೋದೆ. ಹೋಗದೆ ಇರಲಾಗಲಿಲ್ಲ. ಒಂದು ಪೊಟ್ಟಣ ತಂಬಾಕು ಕೊಟ್ಟೆ. ತೆಗೆದುಕೊಂಡ, ಕೂರಲು ಹುಲ್ಲಿನ ಕಂತೆ ತೋರಿಸಿದ.

"ಕೋರ್ಟಲ್ಲಿ ನೀವು ಹೇಳಿದ್ದು ನೋಡ್ದೆ ಸಾರ್. ಯಾರಿಗೂ ತಿಳಿಸಿಲ್ಲ ಅಂದ್ರಿ."

ಮೂರು ವಾರದಿಂದ ಸಿದ್ಧಮಾಡಿಟ್ಟ ಮಾತು ನನ್ನ ಬಾಯಿಗೆ ಬಂತು. "ಹಾವರ್ತ್, ಆ ಕಾಗದ ನಿನ್ನ ತಾಯಿಗೆ ಬರೆದದ್ದು. ಇನ್ನೊಬ್ಬರಿಗೆ ಬರೆದಿದ್ದನ್ನ ನಾನು ಎತ್ತಿ ಆಡೋದು..."

"ನಮ್ಮಮ್ಮಂಗೆ ಓದೋಕೆ ಬರಲ್ಲ ಸಾರ್," ಎಂದ.

"ಮತ್ತೆ ಓದೋರು ಯಾರು?" ಎಂದೆ.

"ಪಕ್ಕದ ಮನೆ ಹುಡುಗಿ ಓದಿ ಹೇಳ್ತಾಳೆ. ಅಷ್ಟೊತ್ತಿಗೆ ವಾರ ಹತ್ತು ದಿನ. ನೀವು ಅವತ್ತೇ ಓದ್ತೀರಲ್ಲ. ಡಾಕ್ಟ್ರ ಹತ್ರ ಹೋದ್ರೆ ಕೆಲಸಗಳ್ಳ ಅಂತಾರೆ. ನಿಮ್ಮ ಮುಂದೆ ಬಂದು ನಿಲ್ಲೋಕೆ ಸಾರ್ಜೆಂಟ್ ಕರ್ಕೊಂಡು ಬರ್ಬೇಕು, ನಾಕು ಜನದ ಎದುರು ಕಾರಣ ಹೇಳ್ಬೇಕು. ನೇರ ನಿಮ್ಮ ಕೈಗೆ ಬರೋದು ಕಾಗದ ಒಂದೇ. ನಾವೆಲ್ಲ ಹಂಗೇ ಮಾಡೋದು ಸಾರ್. ಜಾಮ್ ಕೆಟ್ಟಿದೆ ಅಂತ ಎಲ್ರೂ ಸೇರಿ ಮನೆಗೆ ಬರೆದ್ವಿ. ಮೂರೇ ದಿನಕ್ಕೆ ಬೇರೆ ಬಂತಲ್ಲ. ಆಗ ಅಂದ್ಕೊಂಡೆ, ನನ್ನದೂ ಓದಿದಾರೆ, ಯಾವತ್ತಾದ್ರೂ ಮಾಡ್ತಾರೆ ಅಂತ."

ಅವನಿಗೆ ಸಿಟ್ಟಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜಾಮಿಗಾಗಿ ಮುರಿದ ನಿಯಮವನ್ನು ಒಬ್ಬನ ಜೀವಕ್ಕಾಗಿ ಮುರಿಯಲಿಲ್ಲ, ಮುರಿದದ್ದು ನನಗೆ ಗೊತ್ತೂ ಆಗಲಿಲ್ಲ. ನಾನು ಹೇಡಿ. ಬರೆದಿಟ್ಟಿದ್ದೇನೆ.

೩ ಮೇ

ಡೆವನಿಶ್‌ಗೆ ಎಲ್ಲವನ್ನೂ ಹೇಳಿದೆ. ಅವರು ಪೈಪಿನ ಬೂದಿ ಕೆದಕಿ ಚೆಲ್ಲಿದರು.

"ಅವತ್ತು ಇಲ್ಲ ಅಂದೆ, ಇವತ್ತು ಹೌದು ಅಂತೀಯ. ಯಾವುದನ್ನ ನಂಬ್ತಾರೆ? ಸಿಪಾಯಿನ ಉಳಿಸೋಕೆ ಸುಳ್ಳು ಹೇಳ್ತಿದಾನೆ ಅಂತಾರೆ. ಆ ಕಾಗದ ಇದ್ರೆ ಬೇರೆ ಮಾತು."

"ಅದರ ಮೇಲೆ ನಾನೇ ಪೆನ್ಸಿಲ್ ಎಳೆದಿದೀನಿ."

"ಬೆಳಕಿಗೆ ಹಿಡಿದ್ರೆ ಅಕ್ಷರ ಕಾಣುತ್ತೆ. ಲಕೋಟೆ ಮೇಲೆ ನಿನ್ನ ರುಜು, ಅಂಚೆ ತಾರೀಕು ಇರುತ್ತೆ. ತರಿಸು. ಸ್ವಲ್ಪ ತಡೀರಿ ಅಂತ ಮೇಲಕ್ಕೆ ಬರೆದು ನೋಡ್ತೀನಿ."

ಸೆತ್‌ನ ತಾಯಿಗೆ ಇಂದೇ ಬರೆದೆ. ಮಗನಿಗೆ ಏನಾಗಿದೆ ಎಂದು ಬರೆಯಲಿಲ್ಲ. ಆ ಕಾಗದ, ಅದರ ಲಕೋಟೆ ಎರಡೂ ಬೇಕು ಎಂದಷ್ಟೇ.

೯ ಮೇ

ಏನೂ ಬಂದಿಲ್ಲ. ಅಂಚೆಯವನನ್ನು ಎರಡು ಸಲ ಕೇಳಿದೆ.

೧೩ ಮೇ

ಬಂತು. ಜೊತೆಗೆ ಪಕ್ಕದ ಮನೆಯ ಹುಡುಗಿಯ ದುಂಡು ಅಕ್ಷರದಲ್ಲಿ ತಾಯಿಯ ಮಾತು:

'ಸಾಹೇಬರಿಗೆ ನಮಸ್ಕಾರ. ನನ್ನ ಮಗನ ಒಂದು ಕಾಗದವನ್ನೂ ನಾನು ಯಾರಿಗೂ ಕೊಟ್ಟವಳಲ್ಲ, ನೀವು ಕೇಳಿದ್ದಕ್ಕೆ ಕಳಿಸಿದ್ದೇನೆ, ದಯವಿಟ್ಟು ಹಿಂದಕ್ಕೆ ಕಳಿಸಿ. ನಡುವೆ ನೀಲಿ ಗೆರೆ ಇದೆ. ಹುಡುಗಿ ಎಷ್ಟು ತಿಣುಕಿದರೂ ಓದಲಾಗಲಿಲ್ಲ. ಅದು ಬಂದಂದಿನಿಂದ ಅದರಡಿ ಏನಿದೆಯೋ ಎಂದು ನನಗೆ ನಿದ್ದೆ ಬಂದಿಲ್ಲ. ನಿಮಗೆ ಓದಲು ಬಂದರೆ, ನನ್ನ ಸೆತ್ ಏನು ಬರೆದಿದ್ದ ಎಂದು ತಿಳಿಸುತ್ತೀರಾ?'

ಬೆಳಕಿಗೆ ಹಿಡಿದೆ. ನಾಲ್ಕೂ ಸಾಲು ಕಾಣುತ್ತವೆ.

೧೫ ಮೇ

ಕಾಗದವನ್ನು ಮೇಲಕ್ಕೆ ಕಳಿಸುವ ಮೊದಲೇ ಜನರಲ್ ಸಾಹೇಬರ ಆಜ್ಞೆ ಬಂತು. ಮರಣದಂಡನೆ ರದ್ದು. ಬದಲಿಗೆ ಎರಡು ವರ್ಷ ಸೆರೆ, ಅದೂ ಸದ್ಯಕ್ಕೆ ಜಾರಿಯಿಲ್ಲ. ಕಿವಿ ಸರಿಯಿರುವ ಸಿಪಾಯಿ ಎಂದು ಸೆತ್‌ನನ್ನು ತುಕಡಿಗೆ, ಅದೇ ಕಂದಕಕ್ಕೆ ವಾಪಸು ಕಳಿಸಿದ್ದಾರೆ. ಹುಡುಗರು ಅವನನ್ನು ಸುತ್ತಿಕೊಂಡು ಬೆನ್ನು ಗುದ್ದಿದರು. ರಿಗ್ಬಿ ವಿಚಾರಣೆಯ ನಂತರ ಮೊದಲ ಸಲ ನನ್ನ ಕಡೆ ನೋಡಿ ತಲೆಯಾಡಿಸಿದ. ನಾನು ಮರಳು ಚೀಲದ ಮೇಲೆ ಕೂತು ಅತ್ತೆ.

ಡೆವನಿಶ್ ಪಕ್ಕದಲ್ಲಿ ಬಂದು ಕೂತರು. "ಜೀವ ಉಳೀತಲ್ಲ. ಆ ಕಾಗದ ತಾಯಿಗೆ ವಾಪಸ್ ಕಳಿಸಿಬಿಡು. ನನಗೆ ಹೇಳಿದ್ದು ನಮ್ಮಿಬ್ಬರಲ್ಲೇ ಇರ್ಲಿ."

"ಅವನ ಮೇಲೆ ನಿದ್ದೆ ಮಾಡಿದ ಅನ್ನೋ ಅಪವಾದ ಇದೆ. ಇನ್ನೊಂದು ಸಲ ಯಾರಾದ್ರೂ ಹಿಂದಿನಿಂದ ಕರೆದ್ರೆ?"

"ಕಾವಲಿಗೆ ಹಾಕ್ಬೇಡ, ಅಷ್ಟೇ."

"ನಾನು ಹಾಕಲ್ಲ. ನಾನು ಸತ್ತರೆ ನನ್ನ ಜಾಗಕ್ಕೆ ಬರೋನು ಹಾಕ್ತಾನೆ. ಅವನ ದಾಖಲೆಯಲ್ಲಿ ಕಿವಿ ಸರಿ ಅಂತ ಇದೆಯಲ್ಲ."

"ನಿನ್ನನ್ನ ಬಿಡಲ್ಲ ಕಣಯ್ಯಾ. ನ್ಯಾಯಾಲಯದ ಮುಂದೆ ಸುಳ್ಳು ಹೇಳಿದ ಅಧಿಕಾರಿ. ಭುಜದ ಪಟ್ಟಿ ಕಿತ್ತು ಮನೆಗೆ ಕಳಿಸ್ತಾರೆ. ನಿಮ್ಮಪ್ಪ ಊರಲ್ಲಿ ತಲೆ ಎತ್ತೋ ಹಂಗಿರಲ್ಲ."

ಕಾವಲು ಪಟ್ಟಿ ಬರೆಯುವ ಹೊತ್ತಾಗಿತ್ತು. ಸೆತ್‌ನ ಹೆಸರನ್ನು ಊಟ ಹೊರುವವರಲ್ಲಿ ಬರೆದೆ. ಹನ್ನೊಂದರಿಂದ ಒಂದರ ಪಾಳಿಗೆ ಜನ ಸಿಗಲಿಲ್ಲ. ಅಲ್ಲಿ ನನ್ನ ಹೆಸರು ಬರೆದೆ.

೧೬ ಮೇ

ಬೆಳಿಗ್ಗೆ ಹೇಳಿಕೆ ಬರೆದೆ. ಏಪ್ರಿಲ್ ಒಂಬತ್ತರಂದು ಓದಿದೆ, ತಿಳಿದೂ ಕಾವಲಿಗೆ ಹಾಕಿದೆ, ನ್ಯಾಯಾಲಯದಲ್ಲಿ ಸುಳ್ಳು ಹೇಳಿದೆ. ಕಾಗದ, ಲಕೋಟೆ ಎರಡನ್ನೂ ಜೊತೆಗಿಟ್ಟು ಡೆವನಿಶ್‌ಗೆ ಕೊಟ್ಟೆ. ಅವರು ತೆಗೆದುಕೊಂಡು ಬ್ರಿಗೇಡಿಗೆ ಕಳಿಸಿದರು. ಸಂಜೆಯೊಳಗೆ ಕರೆ ಬಂತು, ಗುರುವಾರ ಅಲ್ಲಿರಬೇಕಂತೆ.

ಹನ್ನೊಂದಕ್ಕೆ ಕನ್ನಡಿ ಪೆಟ್ಟಿಗೆಯ ಮುಂದೆ ನಿಂತೆ. ಅಧಿಕಾರಿ ಕಾವಲಿಗೆ ನಿಲ್ಲುವುದನ್ನು ಕಂಡು ಹುಡುಗರಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಸೆತ್ ಊಟದ ಡಬ್ಬಿ ಹೊತ್ತು ಬಂದ. ನಾನು ತಿರುಗಿ, ದನಿಯಿಲ್ಲದೆ, ನಮ್ಮೂರ ಹೆಂಗಸರಂತೆ ಬಾಯಿ ಅಗಲಿಸಿ, 'ಅವತ್ತೇ ಓದಿದ್ದೆ' ಎಂದೆ. ನನಗೂ ಆ ಮಾತು ಬರುತ್ತದೆಂದು ಅವನಿಗೆ ಆಶ್ಚರ್ಯವಾಯಿತು. 'ಗೊತ್ತು ಸಾರ್' ಎಂದು ಅವನೂ ಹಾಗೆಯೇ ಹೇಳಿ, ಚಹಾ ಬಗ್ಗಿಸಿ ಕೊಟ್ಟು ಹೋದ.

ಈಗ ಅವನ ತಾಯಿಗೆ ಬರೆದು ಮುಗಿಸಿದೆ. ನಡೆದದ್ದನ್ನೆಲ್ಲ ಬರೆದೆ, ನಾಲ್ಕು ಸಾಲನ್ನೂ ನೆನಪಿನಿಂದ ಅವನು ಬರೆದಂತೆಯೇ ಇಳಿಸಿದೆ. ಮೂರು ಸಾಲು ಈ ದಿನಚರಿಯಲ್ಲಿ ಮೊದಲ ದಿನವೇ ಇವೆ. ನಾಲ್ಕನೆಯದನ್ನು ನಾನು ಇಲ್ಲಿಯೂ ಬರೆದಿರಲಿಲ್ಲ. ಡೆವನಿಶ್‌ಗೆ ಎಲ್ಲವನ್ನೂ ಹೇಳಿದಾಗಲೂ ಇದನ್ನು ಹೇಳಲಿಲ್ಲ. ಅದು ಹೀಗಿತ್ತು:

'ಆದರೂ ನೀನು ಚಿಂತೆ ಮಾಡಬೇಡ ಅಮ್ಮಾ, ನಮ್ಮ ಲೊಮ್ಯಾಕ್ಸ್ ಸಾಹೇಬರು ನಮ್ಮೂರಿನವರೇ, ಅವರಿಗೆ ಗೊತ್ತಾದರೆ ಬೇರೆ ಕೆಲಸ ಕೊಟ್ಟೇ ಕೊಡುತ್ತಾರೆ.'

ಈ ಸಾಲನ್ನು ಹೊಡೆಯಲು ಯಾವ ನಿಯಮವೂ ಇರಲಿಲ್ಲ. ಅಧಿಕಾರಿಗಳ ಕಾಗದವನ್ನು ಬೇರೆಯವರು ಓದುವುದಿಲ್ಲ, ನಮ್ಮ ಮಾತಿನ ಮೇಲೆ ಬಿಡುತ್ತಾರೆ. ಲಕೋಟೆ ಅಂಟಿಸಿ, ಮೂಲೆಗೆ ನಾನೇ ರುಜು ಹಾಕಿದೆ.